ಅತ್ತಿಗೆ ತೆಗೆದ ಕಳ್ಳನ ಫೋಟೋ

ಆ ಬೀದಿಯಲ್ಲಿ ಅವಳು ಎಲ್ಲರಿಗೂ ಅತ್ತಿಗೆ. ದರ್ಜಿಗೂ ಅತ್ತಿಗೆ, ದರ್ಜಿಯ ಹೆಂಡತಿಗೂ ಅತ್ತಿಗೆ, ಅವರ ಮಕ್ಕಳಿಗೂ ಅತ್ತಿಗೆ. ನೆಂಟಸ್ತಿಕೆಯ ಲೆಕ್ಕಕ್ಕೆ ಎಲ್ಲೂ ಕೂಡಿಬರದ ಈ ಹೆಸರನ್ನು ಬೀದಿಯ ಬಾಯಿಗೆ ಹಾಕಿದವನು ಅವಳ ಮೈದುನ. ಅವಳು ಮದುವೆಯಾಗಿ ಆ ಮನೆಗೆ ಬಂದಾಗ ಅಲ್ಲಿದ್ದದ್ದು ಗಂಡ ಮತ್ತು ಗಂಡನ ತಮ್ಮ, ಅಷ್ಟೇ. ತಮ್ಮನಿಗೆ ಆಗಿನ್ನೂ ಹಾಲುಹಲ್ಲು ಬೀಳುವ ವಯಸ್ಸು. ಉಂಡೆಯ ಹಾಗೆ ದುಂಡಗಿದ್ದ, ಅದಕ್ಕೇ ಡುಮ್ಮ ಅನ್ನುತ್ತಿದ್ದರು. ತಾಯಿಯ ಮುಖವೇ ಸರಿಯಾಗಿ ನೆನಪಿಲ್ಲದ ಆ ಹುಡುಗ ಮೊದಲನೆಯ ವಾರ ಹೊಸ ಹೆಂಗಸನ್ನು ಬಾಗಿಲ ಸಂದಿಯಿಂದ ನೋಡಿದ. ಎರಡನೆಯ ವಾರದಿಂದ ಅವಳ ಬೆನ್ನು ಬಿಡಲಿಲ್ಲ. ಶಾಲೆಯಿಂದ ಬರುವಾಗ ಬೀದಿಯ ಆ ತುದಿಯಿಂದಲೇ ‘ಅತ್ತಿಗೇ’ ಎಂದು ಕೂಗು ಶುರು. ಕೇಳಿ ಕೇಳಿ ಅಕ್ಕಪಕ್ಕದವರಿಗೂ ಅದೇ ಅಭ್ಯಾಸವಾಯಿತು. ಡುಮ್ಮ ಬೆಳೆಯುತ್ತಾ ಬೆಳೆಯುತ್ತಾ ಕರಗಿ ಗಳದಷ್ಟು ತೆಳ್ಳಗಾದ. ಆದರೆ ಅವನ ಹೆಸರನ್ನೂ ಯಾರೂ ಬದಲಿಸಲು ಹೋಗಲಿಲ್ಲ.

ಅವರದು ಫೋಟೋ ಸ್ಟುಡಿಯೋ. ಕೆಳಗೆ ಅಂಗಡಿ, ಮೇಲೆ ಮನೆ, ನಡುವೆ ಕಾಲಿಟ್ಟರೆ ಕಿರುಗುಡುವ ಮರದ ಮೆಟ್ಟಿಲು. ಬೀದಿಗೆ ಕಾಣುವ ಗಾಜಿನ ಕಪಾಟಿನಲ್ಲಿ ಊರಿನ ಮದುಮಕ್ಕಳು, ಹಸುಗೂಸುಗಳು, ಪದವಿಯ ಕರಿಗೌನು ತೊಟ್ಟವರು. ಒಳಗೆ ನೀಲಿ ಪರದೆ, ತಿರುಗುವ ಸ್ಟೂಲು, ಬಿಳಿ ಕೊಡೆ ಹೊತ್ತ ಎರಡು ದೀಪ. ಅದರ ಹಿಂದಿನ ಇಕ್ಕಟ್ಟು ಕೋಣೆಯಲ್ಲಿ ಕಂಪ್ಯೂಟರು, ಪ್ರಿಂಟರು, ಲ್ಯಾಮಿನೇಷನ್ ಯಂತ್ರ. ಗಂಡ ಫೋಟೋ ತೆಗೆಯುತ್ತಿದ್ದ. ಅವಳು ಕತ್ತರಿಸುವುದು, ಅಂಟಿಸುವುದು, ಚೌಕಟ್ಟು ಕೂರಿಸುವುದು, ಬಂದವರ ತಲೆ ಬಾಚಿ ಕಾಲರು ಸರಿಮಾಡುವುದು ಎಲ್ಲ ನೋಡಿಕೊಳ್ಳುತ್ತಿದ್ದಳು. ಕ್ಯಾಮೆರಾವನ್ನು ಮಾತ್ರ ಮುಟ್ಟಿದವಳಲ್ಲ. ಗಂಡ ಒಂದು ಬೆಳಗ್ಗೆ ಎದೆನೋವೆಂದು ಕುಳಿತವನು ಮತ್ತೆ ಏಳಲಿಲ್ಲ. ಅಷ್ಟರಲ್ಲಿ ಡುಮ್ಮ ಕಾಲೇಜು ಮುಗಿಸಿದ್ದ. ಅಂಗಡಿ ಅವಳ ಹೆಸರಿಗೆ ಬಂತು, ಕ್ಯಾಮೆರಾ ಅವನ ಕೈಗೆ ಹೋಯಿತು.

ಕೈ ಎಂದರೆ ಅಂಥ ಕೈ. ಹರಿದುಹೋದ ಹಳೆಯ ಫೋಟೋ ತಂದುಕೊಟ್ಟರೆ ಕಂಪ್ಯೂಟರಿನ ಮುಂದೆ ಕುಳಿತು ಯಾರದೋ ಅಜ್ಜಿಯ ಕಳೆದುಹೋದ ಕಣ್ಣನ್ನು ಮತ್ತೆ ಕೂರಿಸಿ ಕೊಡುತ್ತಿದ್ದ. ಮೊಮ್ಮಕ್ಕಳು ನೋಡಿ ಅಲ್ಲೇ ಅತ್ತುಬಿಡುತ್ತಿದ್ದರು. ಅತ್ತಿಗೆ ಆ ಹೊತ್ತಿನಲ್ಲಿ ಏನೋ ಕೆಲಸವಿರುವವಳಂತೆ ಅಲ್ಲೇ ಸುಳಿದಾಡುತ್ತಿದ್ದಳು. ನಮ್ಮ ಹುಡುಗ ಮಾಡಿದ್ದು ಅಂತ ಬಾಯಿಬಿಟ್ಟು ಹೇಳಿಕೊಳ್ಳುವ ಸ್ವಭಾವ ಅವಳದಲ್ಲ. ಆದರೆ ಹೇಳಬೇಕಾಗಿಯೂ ಇರಲಿಲ್ಲ, ಮುಖವೇ ಸಾರುತ್ತಿತ್ತು.

ಆ ಕೈ ದಾರಿ ತಪ್ಪಿದ್ದು ಅವಳಿಗೆ ಗೊತ್ತಾಗಲಿಲ್ಲ. ಗೊತ್ತಾಗುವಂತೆ ಅವನು ಬಿಟ್ಟಿರಲೂ ಇಲ್ಲ. ಅಂಗಡಿಯ ಫೋನಿಗೆ ಆಗಾಗ ಒಬ್ಬ ಕರೆ ಮಾಡುತ್ತಿದ್ದ. ಜೇನಿನಂಥ ದನಿ. ‘ತಾಯಿ, ನಾನು ಮಾವ ಮಾತಾಡ್ತಿರೋದು, ಹುಡುಗನಿಗೆ ಕೊಡ್ತೀರಾ, ಏನಂತೀರಿ?’ ಎನ್ನುತ್ತಿದ್ದ. ಪ್ರತಿ ಮಾತಿನ ಬಾಲಕ್ಕೂ ಒಂದು ‘ಏನಂತೀರಿ’ ಕಟ್ಟಿರುತ್ತಿತ್ತು. ಯಾರ ಮಾವನೋ ಇವನು ಎಂದು ಅವಳು ಕೇಳಿದಾಗ, ಮದುವೆ ಆಲ್ಬಂಗಳ ಆರ್ಡರು ಹಿಡಿದು ಕೊಡುವ ಏಜೆಂಟು, ಎಲ್ಲರೂ ಮಾವ ಅನ್ನುತ್ತಾರೆ ಎಂದಿದ್ದ ಡುಮ್ಮ. ಹೊಸ ಪ್ರಿಂಟರು ಬಂತು, ಲ್ಯಾಮಿನೇಷನ್‌ಗೆಂದು ಒಬ್ಬ ಕೆಲಸದವನೂ ಬಂದು ಕೆಲವು ಕಾಲ ಇದ್ದು ಬಿಟ್ಟು ಹೋದ. ಮಧ್ಯಾಹ್ನ ಅತ್ತಿಗೆ ಊಟಕ್ಕೆ ಮೇಲೆ ಹೋದರೆ ಹಿಂದಿನ ಕೋಣೆಯ ಬಾಗಿಲಿಗೆ ಚಿಲಕ ಬೀಳತೊಡಗಿತು. ಕೆಲಸ ಜಾಸ್ತಿ ಇದೆ, ಪಾಪ, ಎಂದುಕೊಂಡು ಅವಳು ಡುಮ್ಮನ ಊಟವನ್ನೂ ಕೆಳಗೇ ತಂದಿಡುತ್ತಿದ್ದಳು.

ಗುಟ್ಟು ಒಡೆದದ್ದು ಮಾರುಕಟ್ಟೆಯ ತಿರುವಿನಲ್ಲಿ. ಸಾಮಾನು ಸಾಗಿಸುವ ವ್ಯಾನೊಂದು ತಿರುವಿನಲ್ಲಿ ಹಿಡಿತ ತಪ್ಪಿ ತರಕಾರಿ ಗಾಡಿಗೆ ನುಗ್ಗಿತು. ಗಾಡಿ ತಳ್ಳುತ್ತಿದ್ದ ಹೆಂಗಸಿನ ಕಾಲು ಮುರಿಯಿತು. ಚಾಲಕನಿಗೆ ಇನ್ನೂ ಮೀಸೆ ಸರಿಯಾಗಿ ಮೂಡಿರಲಿಲ್ಲ. ಲೈಸೆನ್ಸು ಮಾತ್ರ ಅವನನ್ನು ಯಾವಾಗಲೋ ದೊಡ್ಡವನನ್ನಾಗಿ ಮಾಡಿತ್ತು. ಕಾರ್ಡು ಎಷ್ಟು ಚೆನ್ನಾಗಿತ್ತೆಂದರೆ ಪೊಲೀಸರು ಮೊದಲು ಕಾರ್ಡನ್ನೇ ನಂಬಿದರು, ಹುಡುಗನ ಮುಖವನ್ನು ನಂಬಲಿಲ್ಲ. ಆಮೇಲೆ ಕಚೇರಿಯಲ್ಲಿ ವಿಚಾರಿಸಿದರೆ ಅಂಥ ಲೈಸೆನ್ಸೇ ಕೊಟ್ಟಿರಲಿಲ್ಲ. ಅಲ್ಲಿಂದ ಎಳೆ ಹಿಡಿದುಕೊಂಡು ಬಂದವರು ಸ್ಟುಡಿಯೋದ ಬಾಗಿಲಿಗೆ ನಿಂತರು.

ಅತ್ತಿಗೆ ಗಾಜಿನ ಕಪಾಟು ಒರೆಸುತ್ತಿದ್ದಳು. ಇನ್‌ಸ್ಪೆಕ್ಟರು ಬಂದ ಕಾರಣ ಹೇಳಿದಾಗ ಅವಳಿಗೆ ನಗುವೇ ಬಂತು. ನಮ್ಮ ಹುಡುಗ ಅಂಥವನಲ್ಲ, ವಿಳಾಸ ತಪ್ಪಿ ಬಂದಿದ್ದೀರಿ ಎಂದಳು. ಹಾಗೆನ್ನುತ್ತಾ ಡುಮ್ಮನ ಕಡೆ ತಿರುಗಿದಳು. ಚಿಕ್ಕವನಿದ್ದಾಗ ಬೇಕರಿಯವರ ಕಿಟಕಿಗೆ ಚೆಂಡು ಹೊಡೆದು ಮನೆಗೆ ಬಂದು ಮೂಲೆಯಲ್ಲಿ ನಿಂತಿದ್ದನಲ್ಲ, ಅದೇ ಮುಖ. ಅವಳ ಕೈಯಲ್ಲಿದ್ದ ಬಟ್ಟೆ ಕೈಯಲ್ಲೇ ಉಳಿಯಿತು. ಪೊಲೀಸರು ಕಂಪ್ಯೂಟರು, ಪ್ರಿಂಟರು, ಖಾಲಿ ಕಾರ್ಡುಗಳ ಪೆಟ್ಟಿಗೆ ಎಲ್ಲವನ್ನೂ ಒಂದೊಂದಾಗಿ ಹೊರಗೆ ಸಾಗಿಸಿದರು, ಕೊನೆಗೆ ಡುಮ್ಮನನ್ನೂ ಜೀಪಿಗೆ ಹತ್ತಿಸಿದರು. ಎದುರಿನ ದರ್ಜಿ ಹೊಲಿಗೆ ನಿಲ್ಲಿಸಿ ನೋಡುತ್ತಿದ್ದ. ಬೀದಿಯೇ ಬಾಗಿಲಿಗೆ ಬಂದು ನಿಂತಿತ್ತು.

ಠಾಣೆಯಲ್ಲಿ ಇನ್‌ಸ್ಪೆಕ್ಟರು ಅವಳನ್ನು ಕೂರಿಸಿ, ಗದರದೆ, ಸಮಾಧಾನವಾಗಿಯೇ ವಿಷಯ ತಿಳಿಸಿದರು. ಸುಳ್ಳು ಗುರುತಿನ ಚೀಟಿ ಮಾಡುವುದು ಅಪರಾಧ, ಮಾರುವುದು ಅಪರಾಧ, ಮಾರಲೆಂದು ಇಟ್ಟುಕೊಳ್ಳುವುದೂ ಅಪರಾಧ. ಅದಕ್ಕೆಂದೇ ಯಂತ್ರ ಸಾಮಗ್ರಿ ಇಟ್ಟುಕೊಂಡರೂ ಬಿಡುವುದಿಲ್ಲ. ಸುಳ್ಳೆಂದು ಗೊತ್ತಿದ್ದು ಬಳಸಿದವನಿಗೂ ಶಿಕ್ಷೆ ಇದೆ. ಮಾಡಿದವನಿಗೆ ಏಳು ವರ್ಷದವರೆಗೂ ಜೈಲಾಗಬಹುದು, ದಂಡ ಬೇರೆ. ಅಂಗಡಿ ನಿಮ್ಮ ಹೆಸರಿನಲ್ಲಿದೆಯಮ್ಮ, ನಿಮ್ಮನ್ನೂ ಪ್ರಶ್ನಿಸಲೇಬೇಕಾಗುತ್ತೆ ಎಂದರು. ಪ್ರಶ್ನಿಸಿ ಎಂದಳು ಅವಳು. ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು. ಊಟ ಕೆಳಗೆ ತಂದಿಡುತ್ತಿದ್ದದ್ದನ್ನೂ ಹೇಳಿದಳು.

ಡುಮ್ಮನಿಗೆ ಮಾವನ ಬಗ್ಗೆ ಹೇಳಲು ಏನೂ ಇರಲಿಲ್ಲ. ಅವನನ್ನು ಕಣ್ಣಾರೆ ಕಂಡೇ ಇರಲಿಲ್ಲ. ವಿವರ, ಫೋಟೋ ಎಲ್ಲ ಫೋನಿಗೆ ಬರುತ್ತಿದ್ದವು, ತಯಾರಾದ ಕಾರ್ಡುಗಳನ್ನು ಯಾರೋ ಆಟೋದವರು ಒಯ್ಯುತ್ತಿದ್ದರು. ಪೊಲೀಸರು ಬಂದ ದಿನದಿಂದ ಮಾವನ ಫೋನು ಸತ್ತುಹೋಗಿತ್ತು. ಇನ್‌ಸ್ಪೆಕ್ಟರು ಕೈ ಚೆಲ್ಲಿದರು. ಇಂಥ ಹಲವು ಅಂಗಡಿಗಳಲ್ಲಿ ಅವನ ಹೆಸರಿದೆ, ಎಲ್ಲರಿಗೂ ಅವನು ಮಾವ, ಒಬ್ಬರಿಗೂ ಮುಖ ಗೊತ್ತಿಲ್ಲ ಎಂದರು.

ದರ್ಜಿ ಒಬ್ಬ ವಕೀಲನನ್ನು ಹುಡುಕಿ ಕೊಟ್ಟ. ವಕೀಲ ಚುರುಕಿನವನು, ಅತ್ತಿಗೆಯ ಜೊತೆ ಡುಮ್ಮನನ್ನಿಟ್ಟಿದ್ದ ಜೈಲಿಗೇ ಬಂದ. ಕಾಗದಪತ್ರ ತಿರುವಿ ಹಾಕಿ, ಮೊದಲು ನಿಮ್ಮಲ್ಲಿ ಲ್ಯಾಮಿನೇಷನ್ ಕೆಲಸಕ್ಕೆ ಒಬ್ಬನಿದ್ದನಲ್ಲ, ಕೆಲಸ ಬಿಟ್ಟು ಬೇರೆ ಊರಿಗೆ ಹೋದನಲ್ಲ, ಅವನೇ ಮಾಡಿದ ಅನ್ನಿ, ಯಂತ್ರಕ್ಕೆ ಅವನೂ ಕೈ ಹಾಕುತ್ತಿದ್ದ, ಅನುಮಾನ ಹುಟ್ಟಿಸಿದರೆ ಸಾಕು, ಹುಡುಗ ಹೊರಗೆ ಬರುತ್ತಾನೆ ಎಂದು ದಾರಿ ತೋರಿಸಿದ. ಅತ್ತಿಗೆ ಮೈದುನನ ಮುಖ ನೋಡಿದಳು. ಅವನು ನೆಲ ನೋಡುತ್ತಿದ್ದ. ಒಂದು ಗಳಿಗೆ ಅವನ ಕಣ್ಣಲ್ಲಿ ಆಸೆ ಮಿನುಗಿ ಹೋದದ್ದು ಅವಳಿಗೆ ಕಂಡಿತು.

‘ಆ ಕೆಲಸದವನಿಗೆ ಎಷ್ಟು ಜನ ಮಕ್ಕಳು ಗೊತ್ತಾ?’ ಎಂದು ಕೇಳಿದಳು.

‘ಇಬ್ರು,’ ಎಂದ ಡುಮ್ಮ.

‘ಅವರಪ್ಪನ್ನ ಜೈಲಿಗೆ ಕಳಿಸಿ ನೀನು ಮನೇಗೆ ಬಂದ್ರೆ ನಾನು ನಿಂಗೆ ಅನ್ನ ಬಡಿಸ್ತೀನಿ. ಬಡಿಸದೆ ಏನು ಮಾಡ್ಲಿ, ಸಾಕಿದ್ದೀನಲ್ಲ. ಆದ್ರೆ ನಿನ್ನ ಮುಖ ನೋಡಿ ಬಡಿಸೋಕೆ ನನ್ನ ಕೈಲಿ ಆಗಲ್ಲ.’

ಡುಮ್ಮ ತಾನು ಬರೀ ಕಾರ್ಡು ಮಾಡಿದ್ದು, ಗಾಡಿ ಓಡಿಸಲಿಲ್ಲವಲ್ಲ ಎಂದು ಗೊಣಗಿದ. ಅತ್ತಿಗೆ ಹಿಂದಿನ ದಿನವೇ ಆಸ್ಪತ್ರೆಗೆ ಹೋಗಿ ಬಂದಿದ್ದಳು. ತರಕಾರಿಯ ಹೆಂಗಸು ಕಾಲನ್ನು ತೂಗುಹಾಕಿಕೊಂಡು ಮಲಗಿದ್ದಳು. ಇವಳು ಯಾರೆಂದು ತಿಳಿದ ಮೇಲೆ ಮುಖವನ್ನು ಗೋಡೆಗೆ ತಿರುಗಿಸಿಕೊಂಡಿದ್ದಳು. ಅದನ್ನು ಅತ್ತಿಗೆ ಇದ್ದದ್ದು ಇದ್ದ ಹಾಗೆ ಹೇಳಿದಳು, ಮೇಲೆ ಒಂದು ಮಾತನ್ನೂ ಸೇರಿಸಲಿಲ್ಲ. ಡುಮ್ಮ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

ನ್ಯಾಯಾಲಯದಲ್ಲಿ ಅವನು ಒಪ್ಪಿಕೊಂಡ. ಕಾರ್ಡುಗಳನ್ನು ಮಾಡಿದ್ದು ನಾನೇ, ಅತ್ತಿಗೆಗೆ ಗೊತ್ತಿರಲಿಲ್ಲ, ಕೆಲಸಕ್ಕಿದ್ದವನಿಗೂ ಗೊತ್ತಿರಲಿಲ್ಲ ಎಂದ. ಮಾತು ಎಲ್ಲೂ ತಡವರಿಸಲಿಲ್ಲ. ಒಪ್ಪಿಕೊಂಡದ್ದನ್ನು, ಹಿಂದೆ ಬೇರೆ ತಪ್ಪಿಲ್ಲದ್ದನ್ನು ಗಮನಿಸಿ ನ್ಯಾಯಾಧೀಶರು ಮೂರು ವರ್ಷ ಹಾಕಿದರು. ಅವಳ ಮೇಲೆ ಯಾವ ಆರೋಪವೂ ನಿಲ್ಲಲಿಲ್ಲ. ಹೊರಗೆ ದರ್ಜಿಯ ಹೆಂಡತಿ ಅವಳ ಭುಜ ಹಿಡಿದು ಸಮಾಧಾನ ಹೇಳಲು ಬಂದರೆ, ಅತ್ತಿಗೆ ಅಳುತ್ತಲೇ, ‘ಒಂದು ಸುಳ್ಳೂ ಹೇಳ್ಲಿಲ್ಲ ನೋಡಿದ್ಯಾ?’ ಎಂದಳು. ದರ್ಜಿಯ ಹೆಂಡತಿ ಇದು ದುಃಖವೋ ಹೆಮ್ಮೆಯೋ ತಿಳಿಯದೆ ಪೇಚಿಗೆ ಬಿದ್ದಳು. ಅತ್ತಿಗೆಗೆ ಎರಡೂ ಒಟ್ಟೊಟ್ಟಿಗೇ ಬಂದಿದ್ದವು.

ಆಮೇಲಿನ ದಿನಗಳು ಸುಲಭವಾಗಿರಲಿಲ್ಲ. ಜನ ಬೈಯಲಿಲ್ಲ, ಬೈದಿದ್ದರೆ ಎದುರುತ್ತರ ಕೊಡಬಹುದಿತ್ತು. ಅಂಗಡಿಯ ಮುಂದೆ ಬಂದಾಗ ರಸ್ತೆಯ ಆ ಬದಿಗೆ ದಾಟಿಕೊಳ್ಳುತ್ತಿದ್ದರು, ಅಷ್ಟೇ. ಯಾರೋ ಪುಂಡರು ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ‘ಡೂಪ್ಲಿಕೇಟ್ ಸ್ಟುಡಿಯೋ’ ಎಂದು ಬರೆದು ಹೋದರು. ಅವಳು ಏಣಿ ಹಾಕಿ ಒರೆಸಿದಳು. ಮತ್ತೆ ಬರೆದರು, ಮತ್ತೆ ಒರೆಸಿದಳು. ಅಂಗಡಿ ಮಾರಿಬಿಡು, ನಮ್ಮ ಜೊತೆ ಬಂದಿರು ಎಂದು ಅವಳ ಅಣ್ಣ ಕರೆದ. ಡುಮ್ಮ ಬಂದಾಗ ಬಾಗಿಲು ತೆಗೆಯೋರು ಯಾರು ಎಂದು ಅಣ್ಣನಿಗೆ ಊಟ ಮಾಡಿಸಿ ಕಳಿಸಿದಳು.

ಅಂಗಡಿ ಇರಬೇಕೆಂದರೆ ಫೋಟೋ ತೆಗೆಯಬೇಕು. ತೆಗೆಯುವವರಿಲ್ಲ. ಹಾಗಾಗಿ ಕ್ಯಾಮೆರಾ ಅವಳ ಕೈಗೇ ಬಂತು, ಪೊಲೀಸರು ಒಯ್ದದ್ದರ ಬದಲು ಹಳೆಯ ಪ್ರಿಂಟರೊಂದೂ ಬಂತು. ಮೊದಲು ಬಲಿಯಾದವನು ದರ್ಜಿ. ಒಂದು ಫೋಟೋದಲ್ಲಿ ಅವನ ತಲೆ ಇರಲಿಲ್ಲ, ಇನ್ನೊಂದರಲ್ಲಿ ತಲೆ ಬಿಟ್ಟು ಬೇರೇನೂ ಇರಲಿಲ್ಲ. ಮೂರನೆಯದರಲ್ಲಿ ಎಲ್ಲ ಇತ್ತು, ಆದರೆ ಬೆಳಕು ಮುಖದ ಮೇಲೆ ಸುರಿದು ಮನುಷ್ಯ ಬೇಯಿಸಿದ ಮೊಟ್ಟೆಯಂತೆ ಕಾಣುತ್ತಿದ್ದ. ‘ಅತ್ತಿಗೆ, ಇದನ್ನ ನಾನು ಸತ್ತ ಮೇಲೆ ಬೇಕಾದ್ರೆ ಗೋಡೇಗೆ ಹಾಕ್ಸಿ’ ಎಂದ ಅವನು. ಆದರೂ ಮರುದಿನ ಮತ್ತೆ ಬಂದು ಸ್ಟೂಲಿನ ಮೇಲೆ ಕೂತ. ಗಿರಾಕಿಗಳಿಲ್ಲದ ಆ ಕಾಲದಲ್ಲಿ ದರ್ಜಿಯ ಮನೆಮಂದಿಯೆಲ್ಲ ಸರದಿಯ ಮೇಲೆ ಅವಳಿಗೆ ಮುಖ ಒಡ್ಡಿದರು. ಗಂಡ ದೀಪವನ್ನು ಎಲ್ಲಿ ನಿಲ್ಲಿಸುತ್ತಿದ್ದ, ಡುಮ್ಮ ಎಷ್ಟು ಕಾಯುತ್ತಿದ್ದ ಎಂಬುದನ್ನೆಲ್ಲ ಇಷ್ಟು ವರ್ಷ ಪಕ್ಕದಲ್ಲಿ ನಿಂತು ನೋಡಿದ್ದಳಲ್ಲ, ಅದು ನಿಧಾನವಾಗಿ ಕೈಗೆ ಇಳಿಯಿತು. ಮುಖಕ್ಕೆ ಬೆಳಕು ಒಂದು ಪಕ್ಕದಿಂದ ಹಿತವಾಗಿ ಬೀಳುವುದನ್ನು ಅವಳು ಹಿಡಿದ ದಿನ ದರ್ಜಿಯ ಮಗಳು ತನ್ನದೇ ಫೋಟೋ ನೋಡಿ ಇದು ನಾನಾ ಎಂದು ಕೇಳಿದಳು.

ಹೀಗಿರುವಾಗ ಒಂದು ಮಧ್ಯಾಹ್ನ ಒಬ್ಬ ಅಂಗಡಿಗೆ ಬಂದ. ನಡುವಯಸ್ಸು, ಇಸ್ತ್ರಿ ಮುರಿಯದ ಅಂಗಿ, ತಲೆಗೆ ಟೋಪಿ, ಕಣ್ಣಿಗೆ ಕಪ್ಪು ಕನ್ನಡಕ. ಅಂಗಡಿಯನ್ನು ಒಂದು ಸುತ್ತು ಕಣ್ಣಲ್ಲೇ ಅಳೆದ. ಖಾಲಿ ಬೆಂಚು ನೋಡಿದ, ಕಪಾಟಿನ ಹಳೆಯ ಫೋಟೋಗಳನ್ನು ನೋಡಿದ. ಆಮೇಲೆ ಕುರ್ಚಿ ಎಳೆದು ಕುಳಿತು ಅನುಕಂಪದಿಂದ ತಲೆಯಾಡಿಸಿದ.

‘ಕಷ್ಟದಲ್ಲಿದ್ದೀರಿ ತಾಯಿ. ಒಬ್ಬ ಹೆಂಗಸು ಎಷ್ಟೂಂತ ಎಳೀತೀರಿ, ಏನಂತೀರಿ?’

ಆ ದನಿಯನ್ನು ಅವಳು ಎಷ್ಟೋ ಸಲ ಫೋನಿನಲ್ಲಿ ಕೇಳಿ ಡುಮ್ಮನ ಕೈಗೆ ಕೊಟ್ಟಿದ್ದಳು. ಯಾರ ಮಾವನೂ ಅಲ್ಲದ ಮಾವ ಅವಳೆದುರು ಕಾಲ ಮೇಲೆ ಕಾಲು ಹಾಕಿ ಕೂತಿದ್ದ.

ಅವನು ಸುತ್ತಿ ಬಳಸಿ ವಿಷಯಕ್ಕೆ ಬಂದ. ಇತ್ತೀಚೆಗೆ ಕಾಲ ಕೆಟ್ಟಿದೆ, ಒಳ್ಳೆಯ ಕೆಲಸಗಾರರೆಲ್ಲ ಒಳಗೆ ಹೋಗಿದ್ದಾರೆ, ತನಗೆ ಬೇರೊಂದು ಹೆಸರಿನಲ್ಲಿ ಒಂದು ಗುರುತಿನ ಚೀಟಿ ತುರ್ತಾಗಿ ಬೇಕಾಗಿದೆ. ಹುಡುಗನ ಕೆಲಸ ನೋಡಿದವರು ನೀವು, ನಿಮಗೆ ಇದೇನು ಮಹಾ ಎಂದ. ಒಮ್ಮೆ ಶುರು ಮಾಡಿದರೆ ಅಂಗಡಿ ಮತ್ತೆ ತುಂಬಿ ತುಳುಕುತ್ತದೆ ಎಂದ. ಜೈಲಿನಲ್ಲಿ ಹುಡುಗನಿಗೆ ಏನೂ ಕಡಿಮೆಯಾಗದಂತೆ ತನ್ನ ಜನ ನೋಡಿಕೊಳ್ಳುತ್ತಾರೆ ಎಂದೂ ಸೇರಿಸಿದ. ಆ ಮಾತಿನಲ್ಲಿ ಜೇನಿನ ಜೊತೆ ಮುಳ್ಳೂ ಇತ್ತು.

ಎದ್ದು ಹೊರಗೆ ನಡಿ ಎನ್ನುವ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಇನ್‌ಸ್ಪೆಕ್ಟರು ಕೈ ಚೆಲ್ಲಿದ್ದು ನೆನಪಾಯಿತು. ಎಲ್ಲರಿಗೂ ಮಾವ, ಒಬ್ಬರಿಗೂ ಮುಖ ಗೊತ್ತಿಲ್ಲ. ಅವಳು ಮಾತನ್ನು ನುಂಗಿಕೊಂಡಳು. ನೀಲಿ ಪರದೆಯ ಕಡೆ ಕೈ ತೋರಿಸಿದಳು.

‘ನಾನು ಫೋಟೋದವಳು. ಫೋಟೋ ತೆಗೀತೀನಿ. ಬನ್ನಿ, ಕೂತ್ಕೊಳ್ಳಿ.’

ಅವನು ಹಲ್ಲು ಬಿಟ್ಟು ಎದ್ದ. ಸ್ಟೂಲಿನ ಮೇಲೆ ಕುಳಿತ. ಅವಳು ದೀಪಗಳನ್ನು ಹಚ್ಚಿದಳು. ದೀಪದ ಕಂಬವನ್ನು ಬಿಗಿಯಾಗಿ ಹಿಡಿದು ಅತ್ತಿತ್ತ ಸರಿಸಿದಳು. ಟೋಪಿ ತೆಗೆಯಿರಿ ಎಂದಳು. ತೆಗೆದ. ಕನ್ನಡಕ ತೆಗೆಯಿರಿ ಎಂದಳು. ಅವನು ಸ್ವಲ್ಪ ಅನುಮಾನಿಸಿದ. ಕಪ್ಪು ಕನ್ನಡಕ ಹಾಕಿಕೊಂಡು ಯಾವ ಗುರುತಿನ ಫೋಟೋ ಆಗುತ್ತೆ ಹೇಳಿ ಎಂದು ಅವಳು ಬಂದ ಗಿರಾಕಿಗಳಿಗೆಲ್ಲ ಹೇಳುವ ದನಿಯಲ್ಲೇ ಹೇಳಿದಳು. ಅದೂ ಸರಿಯೆನ್ನಿಸಿರಬೇಕು, ತೆಗೆದ. ಎಡಗಣ್ಣಿನ ಕೆಳಗೊಂದು ಹಳೆಯ ಗಾಯದ ಗೆರೆ ಇತ್ತು. ಅವಳು ಬಾಚಣಿಗೆ ಕೊಟ್ಟಳು, ಕಿವಿಯ ಮೇಲಿನ ಕೂದಲು ಹಿಂದಕ್ಕೆ ಸರಿಸಲು ಹೇಳಿದಳು. ಗಲ್ಲ ಎತ್ತಿಸಿದಳು, ಇಳಿಸಿದಳು. ನೇರವಾಗಿ ತೆಗೆದಳು, ಎಡಕ್ಕೆ ತಿರುಗಿಸಿ ತೆಗೆದಳು, ಬಲಕ್ಕೆ ತಿರುಗಿಸಿ ತೆಗೆದಳು. ಗಾಯದ ಗೆರೆಯ ಮೇಲೆ ಬೆಳಕು ಸರಿಯಾಗಿ ಬೀಳಲಿಲ್ಲವೆಂದು ದೀಪವನ್ನು ಇನ್ನಷ್ಟು ಹತ್ತಿರ ತಂದು ಮತ್ತೊಮ್ಮೆ ತೆಗೆದಳು. ಕ್ಯಾಮೆರಾದ ಹಿಂದೆ ನಿಂತ ಮೇಲೆ ಆಶ್ಚರ್ಯವೆಂಬಂತೆ ಹೆದರಿಕೆ ಮರೆತೇಹೋಗಿತ್ತು. ಎದುರಿಗಿರುವುದು ಒಂದು ಮುಖ, ಅದನ್ನು ಸರಿಯಾಗಿ ಹಿಡಿಯಬೇಕು. ಆ ಹೊತ್ತಿಗೆ ಅವಳಿಗೆ ಬೇರೇನೂ ತೋಚಲಿಲ್ಲ.

ಅವನು ಫೋಟೋ ನೋಡಿ ತಾನೇ ಮೆಚ್ಚಿದ. ವಯಸ್ಸು ಕಡಿಮೆ ಮಾಡಿಬಿಟ್ಟಿರಿ, ಏನಂತೀರಿ ಎಂದ. ಹೊಸ ಹೆಸರು, ಹುಟ್ಟಿದ ದಿನ ಬರೆದ ಚೀಟಿಯನ್ನು ಮೇಜಿನ ಮೇಲಿಟ್ಟು, ವಾರ ಬಿಟ್ಟು ಬರುತ್ತೇನೆಂದು ಟೋಪಿ ಹಾಕಿಕೊಂಡು ಹೋದ. ಅವನು ಬೀದಿಯ ತಿರುವಿನಲ್ಲಿ ಮರೆಯಾಗುವವರೆಗೂ ಅವಳು ಗಾಜು ಒರೆಸುತ್ತಾ ನಿಂತಳು. ಆಮೇಲೆ ಅಂಗಡಿಗೆ ಬೀಗ ಹಾಕಿ ದರ್ಜಿಯನ್ನು ಜೊತೆಗೆ ಕರೆದುಕೊಂಡು ನೇರವಾಗಿ ಠಾಣೆಗೆ ನಡೆದಳು.

ಇನ್‌ಸ್ಪೆಕ್ಟರು ಫೋಟೋಗಳನ್ನು ಮೇಜಿನ ಮೇಲೆ ಹರಡಿಕೊಂಡು ಒಂದೊಂದನ್ನೇ ಎತ್ತಿ ನೋಡಿದರು. ಅವರ ಬಳಿ ಇದ್ದದ್ದು ಎಲ್ಲೋ ಒಂದು ಅಂಗಡಿಯ ಕ್ಯಾಮೆರಾದಲ್ಲಿ ಸಿಕ್ಕ ಮಸುಕು ಬೆನ್ನು ಮಾತ್ರ.

‘ಏನಮ್ಮಾ, ಮದುಮಗನಿಗೆ ತೆಗೆದ ಹಾಗೆ ತೆಗ್ದಿದ್ದೀರಲ್ಲ’ ಎಂದರು.

‘ಬಂದ ಗಿರಾಕಿಗೆ ಕೆಟ್ಟದಾಗಿ ತೆಗೆದು ಕೊಟ್ಟರೆ ಅಂಗಡಿ ಮರ್ಯಾದೆ ಏನಾಗುತ್ತೆ ಸಾರ್?’ ಎಂದಳು ಅತ್ತಿಗೆ. ಹೇಳಿದ ಮೇಲೆ ಅವಳಿಗೇ ನಗು ಬಂತು. ಡುಮ್ಮ ಒಳಗೆ ಹೋದ ಮೇಲೆ ಅವಳು ಬಾಯಿತುಂಬ ನಕ್ಕದ್ದು ಅದೇ ಮೊದಲು.

ವಾರ ಬಿಟ್ಟು ಅವನು ಬರಲಿಲ್ಲ. ಅಂಗಡಿಯ ಸುತ್ತ ಪೊಲೀಸರು ಸಾದಾ ಬಟ್ಟೆಯಲ್ಲಿ ಕಾದು ಕಾದು ಸುಸ್ತಾದರು; ಅವರಲ್ಲೊಬ್ಬ ದರ್ಜಿಯ ಅಂಗಡಿಯಲ್ಲಿ ಕುಳಿತು ಗುಂಡಿ ಹೊಲಿಯುವುದನ್ನೂ ಕಲಿತ. ಮಾವನಿಗೆ ಹೇಗೋ ವಾಸನೆ ಹತ್ತಿತ್ತು. ಆದರೆ ಮುಖವನ್ನು ಅವನು ಇಲ್ಲೇ ಬಿಟ್ಟು ಹೋಗಿದ್ದನಲ್ಲ. ಪೊಲೀಸರು ಆ ಫೋಟೋವನ್ನು ಪತ್ರಿಕೆಗೆ ಕೊಟ್ಟರು, ಬಸ್ ನಿಲ್ದಾಣಗಳಲ್ಲಿ ಅಂಟಿಸಿದರು. ದೂರದ ಊರೊಂದರಲ್ಲಿ ಟಿಕೆಟ್ ಕೊಡುವ ಹೆಂಗಸೊಬ್ಬಳು ಕಿಟಕಿಯಾಚೆಯ ಗಿರಾಕಿಯ ಕನ್ನಡಕದ ಅಂಚಿನಲ್ಲಿ ಇಣುಕುತ್ತಿದ್ದ ಗಾಯದ ಗೆರೆ ನೋಡಿದಳು, ಪಕ್ಕದ ಗೋಡೆಯ ಮೇಲಿನ ಫೋಟೋ ನೋಡಿದಳು, ಚಿಲ್ಲರೆ ಹುಡುಕುವ ನೆಪದಲ್ಲಿ ಅವನನ್ನು ನಿಲ್ಲಿಸಿಕೊಂಡು ಕಾವಲಿನವರನ್ನು ಕರೆದಳು. ಅಲ್ಲಿಗೆ ಮಾವನ ಮಾವತನ ಮುಗಿಯಿತು.

ಪತ್ರಿಕೆಯಲ್ಲಿ ಬಂದದ್ದು ಅತ್ತಿಗೆ ತೆಗೆದ ಫೋಟೋ. ಬೇಕರಿಯವನು ಆ ಹಾಳೆಯನ್ನು ಗೋಡೆಗೆ ಅಂಟಿಸಿದ. ನೋಡಿದವರೆಲ್ಲ ಕಳ್ಳನನ್ನು ಬೈದು, ಆಮೇಲೆ ಫೋಟೋ ಮಾತ್ರ ಚೆನ್ನಾಗಿದೆ ಎನ್ನುತ್ತಿದ್ದರು. ಕೆಲವು ದಿನದಲ್ಲೇ ಒಬ್ಬ ಮುದುಕ ತನ್ನ ಹೆಂಡತಿಯನ್ನು ಕರೆದುಕೊಂಡು ಸ್ಟುಡಿಯೋಗೆ ಬಂದ. ಬಹಳ ದಿನದಿಂದ ರಸ್ತೆಯ ಆ ಬದಿಯಲ್ಲಿ ನಡೆದವನೇ ಅವನು. ಸಂಕೋಚಪಡುತ್ತಾ, ‘ಅತ್ತಿಗೆ, ನಮ್ಮಿಬ್ಬರ್ದೂ ಒಂದು ತೆಗೀರಿ. ಆ ಕಳ್ಳಂದು ತೆಗೆದಿದ್ರಲ್ಲ, ಹಂಗೇ ಬರ್ಲಿ’ ಎಂದ. ಅವನ ಹೆಂಡತಿ ಮೊಣಕೈಯಿಂದ ತಿವಿದಳು. ಅತ್ತಿಗೆ ಇಬ್ಬರನ್ನೂ ಕೂರಿಸಿ, ಕಳ್ಳನಿಗಿಂತ ಚೆನ್ನಾಗಿಯೇ ತೆಗೆದಳು. ಆಮೇಲೆ ಒಬ್ಬರಾದ ಮೇಲೆ ಒಬ್ಬರು ಬಂದರು. ಬೋರ್ಡಿನ ಮೇಲಿನ ಸೀಮೆಸುಣ್ಣದ ಬರಹವೂ ತಾನಾಗಿ ನಿಂತುಹೋಯಿತು.

ಮಾವನ ಮೊಕದ್ದಮೆಯಲ್ಲಿ ಅವಳು ಸಾಕ್ಷಿ ಹೇಳಬೇಕಾಯಿತು. ಅವನ ವಕೀಲ ಬಾಣದ ಮೇಲೆ ಬಾಣ ಬಿಟ್ಟ. ನಿಮ್ಮ ಮೈದುನನೇ ಜೈಲಿನಲ್ಲಿರುವುದು ನಿಜವೇ? ನಿಜ. ನಿಮ್ಮ ಅಂಗಡಿಯಲ್ಲೇ ಸುಳ್ಳು ಕಾರ್ಡುಗಳು ತಯಾರಾದದ್ದು ನಿಜವೇ? ನಿಜ. ಹಾಗಾದರೆ ಕಾರ್ಡು ಮಾಡಿಕೊಡುತ್ತೇನೆಂದು ನಂಬಿಸಿ ನನ್ನ ಕಕ್ಷಿದಾರನನ್ನು ಬಲೆಗೆ ಕೆಡವಿದಿರಿ, ಅಲ್ಲವೇ?

‘ಇಲ್ಲ ಸ್ವಾಮಿ. ಕಾರ್ಡು ಮಾಡಿಕೊಡ್ತೀನಿ ಅಂತ ನಾನು ಹೇಳಿಲ್ಲ. ಫೋಟೋ ತೆಗೀತೀನಿ ಅಂದೆ, ತೆಗೆದೆ. ನನ್ನ ಅಂಗಡೀಲಿ ಯಾರು ಬಂದು ಕೂತ್ರೂ ತೆಗೀತೀನಿ.’

ಕುಳಿತವರಲ್ಲಿ ನಗೆ ಎದ್ದಿತು. ನ್ಯಾಯಾಧೀಶರು ಗಂಭೀರವಾಗಿ ಎಲ್ಲರನ್ನೂ ಸುಮ್ಮನಾಗಿಸಿದರು. ಇನ್ನೇನಾದರೂ ಹೇಳುವುದಿದೆಯೇ ಎಂದು ಅವರೇ ಅವಳನ್ನು ಕೇಳಿದರು. ಅತ್ತಿಗೆ ಕಟಕಟೆಯ ಅಂಚು ಹಿಡಿದುಕೊಂಡು, ತನ್ನ ಮೈದುನ ತಪ್ಪು ಮಾಡಿದ, ಒಪ್ಪಿಕೊಂಡ, ಅನುಭವಿಸುತ್ತಿದ್ದಾನೆ; ಇವರು ಅವನಂಥ ಎಷ್ಟು ಜನರ ಕೈ ಕೆಡಿಸಿದರೋ, ಎಷ್ಟು ಮನೆಯವರು ಹೀಗೆ ನ್ಯಾಯಾಲಯದ ಮೆಟ್ಟಿಲು ಹತ್ತಿದರೋ ಅದನ್ನೂ ನೋಡಿ ಎಂದಳು. ಹಲವು ಊರುಗಳಲ್ಲಿ ಹಲವರ ಕೈಯಿಂದ ಮಾಡಿಸಿ, ಮಾರುವುದನ್ನೇ ದಂಧೆ ಮಾಡಿಕೊಂಡಿದ್ದಕ್ಕೆ ಮಾವನಿಗೆ ಡುಮ್ಮನಿಗಿಂತ ಎರಡರಷ್ಟು ಶಿಕ್ಷೆಯಾಯಿತು. ಅವನು ಹೊರಗೆ ಹೋಗುವಾಗ ಅವಳ ಕಡೆ ತಿರುಗಿಯೂ ನೋಡಲಿಲ್ಲ. ಏನಂತೀರಿ ಎಂದು ಯಾರನ್ನೂ ಕೇಳಲಿಲ್ಲ.

ಈ ಸುದ್ದಿ ಜೈಲಿಗೆ ಅವಳಿಗಿಂತ ಮೊದಲೇ ಮುಟ್ಟಿತ್ತು. ಮುಂದಿನ ಭೇಟಿಯಲ್ಲಿ ಜಾಲರಿಯಾಚೆ ಡುಮ್ಮ ನಿಂತಲ್ಲಿ ನಿಲ್ಲಲಾರದೆ ಕುಣಿಯುತ್ತಿದ್ದ. ಪಕ್ಕದವರಿಗೆಲ್ಲ, ಇವರೇ ನಮ್ಮ ಅತ್ತಿಗೆ, ಆ ಫೋಟೋ ತೆಗೆದವರು ಇವರೇ ಎಂದು ತೋರಿಸಿದ. ಕಾವಲಿನವನು ಕೂಡ ಬಗ್ಗಿ ನೋಡಿದ. ಬೆಳಕು ಎಲ್ಲಿಂದ ಕೊಟ್ಟಿರಿ, ಹಿನ್ನೆಲೆ ಹೇಗೆ ಅಷ್ಟು ಸಮವಾಗಿ ಬಂತು ಎಂದು ಡುಮ್ಮ ಒಂದೊಂದಾಗಿ ವಿಚಾರಿಸಿದ. ಭೇಟಿಯ ಹೊತ್ತೆಲ್ಲ ಅದರಲ್ಲೇ ಕಳೆಯಿತು. ಹೊರಡುವಾಗ ಮಾತ್ರ ಅವನು ಮೆಲ್ಲಗೆ, ತನಗಿಂತ ಚೆನ್ನಾಗಿ ತೆಗೆದಿದ್ದೀರಿ ಎಂದ. ಸಾಕು ಸುಮ್ಮನಿರು ಎಂದು ಗದರಿ ಅವಳು ಹೊರಬಂದಳು. ಬಸ್ಸಿನಲ್ಲಿ ಕೂತ ಮೇಲೂ ಆ ಮಾತು ಅವಳ ಕಿವಿಯಲ್ಲಿತ್ತು, ಇಳಿಯಬೇಕಾದ ನಿಲ್ದಾಣವೇ ದಾಟಿಹೋಯಿತು.

ಶಿಕ್ಷೆ ಮುಗಿಸಿ ಬಂದ ಡುಮ್ಮ ಮೊದಲ ದಿನ ಅಂಗಡಿಯೊಳಗೆ ಕಾಲಿಡಲಿಲ್ಲ. ಬೆಳಗ್ಗೆ ಎದ್ದವನೇ ತರಕಾರಿಯ ಹೆಂಗಸಿನ ಮನೆ ಹುಡುಕಿಕೊಂಡು ಹೋದ. ಅವಳು ಈಗ ಕೊಂಚ ಕುಂಟುತ್ತಾ, ಗಾಡಿ ಬಿಟ್ಟು ಮನೆಯ ಜಗಲಿಯ ಮೇಲೇ ವ್ಯಾಪಾರ ಮಾಡುತ್ತಿದ್ದಳು. ಬೈದಳಂತೆ, ಚೆನ್ನಾಗಿ ಬೈದಳಂತೆ. ಅವನು ನಿಂತು ಪೂರ್ತಿ ಕೇಳಿಸಿಕೊಂಡು ಬಂದ. ಅತ್ತಿಗೆ ಹೋಗು ಎಂದಿರಲಿಲ್ಲ. ಅದಕ್ಕೇ ಅವಳಿಗೆ ಹೆಚ್ಚು ಸಮಾಧಾನವಾದದ್ದು.

ಮರುದಿನದಿಂದ ಕೆಲಸ. ಕ್ಯಾಮೆರಾ ಅವಳದು, ಹಿಂದಿನ ಕೋಣೆ ಅವನದು, ಕೋಣೆಯ ಬಾಗಿಲಿನ ಚಿಲಕವನ್ನು ಅವನೇ ಕಿತ್ತು ಹಾಕಿದ. ಹೊಸಬರು ಯಾರಾದರೂ ಬಂದರೆ ಅತ್ತಿಗೆ ಮರೆಮಾಚುವುದಿಲ್ಲ. ಇವನು ನನ್ನ ಮೈದುನ, ಸುಳ್ಳು ಕಾರ್ಡು ಮಾಡಿ ಜೈಲಿಗೆ ಹೋಗಿದ್ದ, ಅನುಭವಿಸಿ ಬಂದಿದ್ದಾನೆ, ಕೆಲಸದಲ್ಲಿ ಇವನಿಗೆ ಸಾಟಿಯಿಲ್ಲ ಎಂದು ಒಂದೇ ಉಸಿರಿಗೆ ಹೇಳಿಬಿಡುತ್ತಾಳೆ. ಮೊದಮೊದಲು ಡುಮ್ಮನಿಗೆ ನೆಲ ಬಾಯಿಬಿಟ್ಟರೆ ಸಾಕು ಅನ್ನಿಸುತ್ತಿತ್ತು. ಈಗ ಅವನೂ ತಲೆ ಎತ್ತಿಯೇ ನಿಲ್ಲುತ್ತಾನೆ.

ಹೋದ ವರ್ಷ ಊರಿನ ದೊಡ್ಡ ಶಾಲೆಯ ಮುಖ್ಯೋಪಾಧ್ಯಾಯಿನಿ ಅಂಗಡಿಗೆ ಬಂದರು. ಶಾಲೆಯ ಮಕ್ಕಳಿಗೆಲ್ಲ ಗುರುತಿನ ಚೀಟಿ ಮಾಡಿಸಬೇಕಾಗಿತ್ತು. ಅತ್ತಿಗೆ ಎಂದಿನಂತೆ ಎಲ್ಲವನ್ನೂ ಹೇಳಿದಳು. ಅವರು ಕನ್ನಡಕ ತೆಗೆದು ಒರೆಸಿಕೊಂಡು ಡುಮ್ಮನನ್ನು ನೋಡಿದರು.

‘ಒಂದೊಂದು ಕಾರ್ಡನ್ನೂ ನಾನೇ ಪರೀಕ್ಷೆ ಮಾಡ್ತೀನಿ’ ಎಂದರು.

‘ಮಾಡಿ ಮೇಡಂ. ಮಾಡ್ಲೇಬೇಕು’ ಎಂದ ಡುಮ್ಮ.

ಮುಂದಿನ ಸೋಮವಾರ ಅತ್ತಿಗೆ, ಮೈದುನ ಇಬ್ಬರೂ ನೀಲಿ ಪರದೆ ಕಟ್ಟಿಕೊಂಡು ಶಾಲೆಗೆ ಹೋದರು. ಮಕ್ಕಳು ಸಾಲುಗಟ್ಟಿ ಬಂದರು. ಒಬ್ಬ ಹಲ್ಲು ಕಿರಿದ, ಒಬ್ಬಳು ಕಣ್ಣು ಮುಚ್ಚಿದಳು, ಒಬ್ಬ ತನ್ನ ಸರದಿ ಮುಗಿದರೂ ಮತ್ತೆ ಸಾಲಿನ ಕೊನೆಗೆ ಹೋಗಿ ನಿಂತ. ಡುಮ್ಮ ಪಕ್ಕದಲ್ಲಿ ಕುಳಿತು ಪ್ರತಿ ಮಗುವಿನ ಹೆಸರನ್ನು ಬಾಯಿಬಿಟ್ಟು ಓದಿ, ಸರಿಯಿದೆಯಾ ಎಂದು ಕೇಳಿ ಬರೆದುಕೊಳ್ಳುತ್ತಿದ್ದ. ಸಣ್ಣ ಹುಡುಗಿಯೊಬ್ಬಳು ಸ್ಟೂಲು ಹತ್ತಿ ಕುಳಿತು, ನಿಮ್ಮನ್ನು ಏನಂತ ಕರೆಯಬೇಕು ಎಂದು ಕೇಳಿದಳು.

‘ಅತ್ತಿಗೆ ಅನ್ನು’ ಎಂದಳು ಅವಳು, ಕಾಲರು ಸರಿಮಾಡುತ್ತಾ. ‘ಎಲ್ಲಿ, ಈ ಕಡೆ ನೋಡು.’